ಒಡೆದ ಬೆರಳಿಗೆ ಯಾವ ಕ್ರೀಮು?



ಕಳೆದ ಸಂಚಿಕೆಯಲ್ಲಿ ನಾನು ಬರೆದ ಹಿತಕಿದ ಬೇಳೆ ಸಾರು ಅನೇಕರಿಗೆ ಹಿಡಿಸಿದೆ ಎಂದು ಪತ್ರಗಳಿಂದ ತಿಳಿದು ಸಂತೋಷವಾಯಿತು. ಆದರೆ ಹೊಸಕೋಟೆ ಕಡೆಯ ಒಬ್ಬ ಸೋದರಿ ಸಾರಿನ ಮಾತು ಬಿಟ್ಟು ಬೇರೆಯೇ ಕೇಳಿದ್ದಾರೆ. ಅವರೆಕಾಳು ಹಿತಕಿ ಹಿತಕಿ ಅವರ ಬೆರಳ ತುದಿಯೆಲ್ಲ ಬಿರಿದಿದೆಯಂತೆ. ಮೊದಲೇ ಮೂಡಗಾಳಿ, ಜೊತೆಗೆ ಬೋರ್‌ವೆಲ್ಲಿನ ಗಡಸು ನೀರು. ಅಂಗಡಿಗೆ ಹೋದರೆ ಹತ್ತು ತರಹದ ಕ್ರೀಮು ಇಟ್ಟಿದ್ದಾರೆ, ಎಲ್ಲದರ ಮೇಲೂ "ತೇವಾಂಶ" ಅಂತಲೇ ಬರೆದಿದೆ, ಯಾವುದನ್ನು ತಗೊಳ್ಳಲಿ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ನಮ್ಮ ಮನೆಯಲ್ಲಿ ಮೂರು ಪಕ್ಷ ಮಾಡಿಬಿಟ್ಟಿದೆ. ಅತ್ತೆಯವರದು ಹರಳೆಣ್ಣೆ ಪಕ್ಷ. ಮಗಳದು ಡ್ರಾಪರ್ ಇರುವ ಪುಟ್ಟ ಸೀಸೆಯ ಸೀರಮ್ ಪಕ್ಷ. ನನ್ನದು ಮದುವೆಗೆ ಮುಂಚಿನಿಂದಲೂ ಗ್ಲಿಸರಿನ್. ಮಗಳು ಫಾರ್ಮಸಿ ಡಿಪ್ಲೊಮಾ ಓದುತ್ತಿದ್ದಾಳೆ, ನಾನು ಎಸ್ಸೆಸ್ಸೆಲ್ಸಿಗೇ ನಿಂತವಳು. ಆದ್ದರಿಂದ ಒಂದು ಭಾನುವಾರ ಊಟವಾದ ಮೇಲೆ, ನಮ್ಮ ಮನೆಯಲ್ಲಿದ್ದ ಮತ್ತು ಪಕ್ಕದ ಮನೆಯಿಂದ ಕೇಳಿ ತಂದ ಡಬ್ಬಿ, ಟ್ಯೂಬು, ಸೀಸೆಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕೂತೆವು. ಅವಳ ಕೈಲಿ ಹಿಂಬದಿಯ ಸಣ್ಣಕ್ಷರ ಓದಿಸಿ, ಅರ್ಥ ಕೇಳಿ ಕೇಳಿ ಬರೆದುಕೊಂಡೆ. ಒಟ್ಟು ಹನ್ನೊಂದಿದ್ದವು. ಓದುತ್ತಾ ಹೋದಂತೆ ನನಗೆ ನಗು ಬಂತು. ಹೆಸರು ಹನ್ನೊಂದಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಅದೇ ಆರೇಳು! ನಮ್ಮ ಮಸಾಲೆ ಡಬ್ಬಿಯ ಹಾಗೆ. ಅದೇ ಧನಿಯ, ಅದೇ ಮೆಣಸಿನಕಾಯಿ, ಅಳತೆ ಬದಲಾಯಿಸಿದರೆ ಒಮ್ಮೆ ಸಾರಿನಪುಡಿ, ಒಮ್ಮೆ ಹುಳಿಪುಡಿ.

ಮೊದಲು ಚರ್ಮ ಒಡೆಯುವುದೇಕೆ ಎಂಬುದನ್ನು ನೋಡೋಣ. ಮುದ್ದೆ ಕಟ್ಟಿ ತಟ್ಟೆಯಲ್ಲಿಟ್ಟು ಮುಚ್ಚುವುದು ಮರೆತರೆ ಏನಾಗುತ್ತೆ? ಅರ್ಧ ಗಂಟೆಯಲ್ಲಿ ಮೇಲ್ಮೈ ಒಣಗಿ ಗೆರೆ ಬಿಡುತ್ತೆ, ಒಳಗೆ ಮಾತ್ರ ಮೆತ್ತಗೇ ಇರುತ್ತೆ. ಚರ್ಮದ ಕಥೆಯೂ ಅದೇ. ನಮ್ಮ ಚರ್ಮದ ಹೊರಪದರ ಇಟ್ಟಿಗೆ ಗೋಡೆಯ ಹಾಗಿದೆಯಂತೆ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಸೋಪು, ಪಾತ್ರೆ ತಿಕ್ಕುವ ಪುಡಿ, ಬಿಸಿನೀರು ಆ ಗಾರೆಯನ್ನು ತೊಳೆದು ಹಾಕುತ್ತವೆ. ಆಗ ಒಳಗಿನ ನೀರು ಒಣಗಾಳಿಗೆ ಆರಿಹೋಗಿ, ಪಸೆ ಕಳೆದುಕೊಂಡ ಚರ್ಮ ಬಿರಿಯುತ್ತದೆ.

ಆದ್ದರಿಂದ ಕ್ರೀಮಿನಲ್ಲಿರುವ ಪದಾರ್ಥಗಳು ಮಾಡುವ ಕೆಲಸವೂ ಮೂರೇ. ಕೆಲವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೆಲವು ಇಟ್ಟಿಗೆ ನಡುವಿನ ಸಂದು ತುಂಬುತ್ತವೆ. ಇನ್ನು ಕೆಲವು ಮುಚ್ಚಳದ ಹಾಗೆ ಮೇಲೆ ಕೂತು ನೀರು ಆರದಂತೆ ತಡೆಯುತ್ತವೆ. ಅತ್ತೆಯವರ ಎಣ್ಣೆ ಸಂದು ತುಂಬಿ ತಕ್ಕಮಟ್ಟಿಗೆ ಮುಚ್ಚುತ್ತೆ. ನನ್ನ ಗ್ಲಿಸರಿನ್, ಮಗಳ ಸೀರಮ್ ಎರಡೂ ನೀರು ಹಿಡಿಯುವ ಜಾತಿ. ಇಷ್ಟು ದಿನ ನಾವು ಜಗಳವಾಡಿದ್ದು ಸೌಟು ದೊಡ್ಡದೋ ಮುಚ್ಚಳ ದೊಡ್ಡದೋ ಅನ್ನೋ ಹಾಗಾಯಿತು.

ನೀರು ಹಿಡಿಯುವವುಗಳಲ್ಲಿ ಗ್ಲಿಸರಿನ್ನೇ ಹಿರಿಯಕ್ಕ. ಮಳೆಗಾಲದಲ್ಲಿ ಬೆಲ್ಲದ ಅಚ್ಚು ತಾನೇ ಒದ್ದೆಯಾಗುತ್ತದಲ್ಲ, ಗ್ಲಿಸರಿನ್ನಿನ ಗುಣವೂ ಅದೇ, ತೇವವನ್ನು ಎಳೆದುಕೊಳ್ಳುತ್ತೆ. ಎಣ್ಣೆಯಿಂದ ಸೋಪು ಮಾಡುವಾಗ ಜೊತೆಯಲ್ಲೇ ಹುಟ್ಟುವ ವಸ್ತು ಇದು. ಬೆಂಗಳೂರಿನಲ್ಲಿ 1916ರಲ್ಲಿ ಶುರುವಾದ ಸರ್ಕಾರಿ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್ ನಮಗೆಲ್ಲ ಗೊತ್ತು. ಅದೇ ಸೋಪಿನ ಕಡಾಯಿಯಲ್ಲಿ ಹುಟ್ಟುವ ಅಣ್ಣತಂಗಿ ಇವೆರಡೂ ಎಂದು ನನಗೆ ಈಗಲೇ ತಿಳಿದದ್ದು. ನಾವು ಓದಿದ ಹನ್ನೊಂದರಲ್ಲಿ ಒಂಬತ್ತಕ್ಕೆ ಗ್ಲಿಸರಿನ್ ಹಾಕಿದ್ದರು, ಅದರಲ್ಲೂ ಹೆಚ್ಚಿನವುಗಳಲ್ಲಿ ನೀರಿನ ನಂತರದ ಜಾಗದಲ್ಲೇ.

ಮಗಳ ಸೀರಮ್ಮಿನ ಹೈಯಲುರಾನಿಕ್ ಆಸಿಡ್ ಹೆಸರು ಕೇಳಿ ಹೆದರಬೇಡಿ, ಅದು ಸುಡುವ ಆಸಿಡ್ ಅಲ್ಲ. ನಮ್ಮ ಕಣ್ಣು, ಕೀಲು, ಚರ್ಮದಲ್ಲೇ ಇರುವ ಲೋಳೆಯಂಥ ವಸ್ತು. 1934ರಲ್ಲಿ ಅಮೆರಿಕದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಈಗ ಬಹುಪಾಲು ಸೂಕ್ಷ್ಮಜೀವಿಗಳಿಂದ ಹುದುಗಿಸಿ ತೆಗೆಯುತ್ತಾರೆ, ನಾವು ಇಡ್ಲಿ ಹಿಟ್ಟು ಹುದುಗಿಸೋ ಹಾಗೆ ಅನ್ನಿ. ಪಟ್ಟಿಯಲ್ಲಿ ಸೋಡಿಯಂ ಹೈಯಲುರೊನೇಟ್ ಎಂದಿದ್ದರೆ ಅದೂ ಇದೇ ವಂಶ. ಒಳ್ಳೆಯ ಪದಾರ್ಥವೇ. ಹಚ್ಚಿದ ತಕ್ಷಣ ಚರ್ಮ ನುಣುಪಾಗಿ ಕಾಣುತ್ತೆ. ಆದರೆ ಇದರ ದೊಡ್ಡ ಗಾತ್ರದ ಕಣಗಳು ಚರ್ಮದ ಮೇಲೆಯೇ ಉಳಿಯುತ್ತವೆ, ಗ್ಲಿಸರಿನ್ನಿನ ಸಣ್ಣ ಕಣ ಹೊರಪದರದ ಒಳಕ್ಕೂ ಇಳಿಯುತ್ತೆ. ಅವಳ 30 ಮಿಲಿ ಸೀಸೆಗೆ ಕೊಟ್ಟದ್ದು 599 ರೂಪಾಯಿ. ನನ್ನ 100 ಗ್ರಾಂ ಗ್ಲಿಸರಿನ್ನಿಗೆ ನೂರು ರೂಪಾಯಿಯೂ ಆಗಿರಲಿಲ್ಲ. ಮುಖಕ್ಕೆ ಬೇಕಾದರೆ ಹಚ್ಚಿಕೊಳ್ಳಲಿ, ಅಂಟದ ಗುಣ ಅದರದು. ಪಾತ್ರೆ ತಿಕ್ಕಿದ ಕೈಗೆ ಆ ದುಬಾರಿ ಬೇಡ ಎಂಬುದು ನನ್ನ ತೀರ್ಮಾನ. ಅವಳು ಒಪ್ಪಿಲ್ಲ.

ಮೂರನೆಯದು ಯೂರಿಯಾ. ಮಗಳು ಗಟ್ಟಿಯಾಗಿ ಓದಿದ್ದೇ ತಡ, ಅತ್ತೆಯವರು, "ಏನೇ ಅದು, ಹೊಲಕ್ಕೆ ಎರಚೋ ಯೂರಿಯಾನಾ ಕಾಲಿಗೆ ಹಚ್ತಾರೆ?" ಎಂದು ಎದ್ದು ಕೂತರು. ಹೆಸರೂ ಅದೇ, ವಸ್ತುವೂ ಅದೇ. ನಮ್ಮ ಚರ್ಮದಲ್ಲಿ ಸಹಜವಾಗಿಯೇ ಇದ್ದು ನೀರು ಹಿಡಿಯುವ ಕೆಲಸ ಮಾಡುತ್ತೆ. ಹಾಗಂತ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ ಮಹಾತಾಯಿಯರೇ! ಅದು ಔಷಧಿಗಾಗಿ ಶುದ್ಧ ಮಾಡಿದ್ದಲ್ಲ, 2015ರಿಂದೀಚೆಗೆ ಬೇವಿನೆಣ್ಣೆಯನ್ನೂ ಲೇಪಿಸಿ ಮಾರುತ್ತಾರೆ. ಕ್ರೀಮಿನಲ್ಲಿ 5ರಿಂದ 10 ಪರ್ಸೆಂಟ್ ಯೂರಿಯಾ ಇದ್ದರೆ ಒಣಚರ್ಮಕ್ಕೆ ತೇವ ಕೊಡುತ್ತೆ. 20ರ ಮೇಲಿದ್ದರೆ ಹಿಮ್ಮಡಿಯ ದಪ್ಪ ಚರ್ಮವನ್ನು ಮೆತ್ತಗೆ ಮಾಡುತ್ತೆ. ಹಸಿ ಬಿರುಕಿಗೆ ತಾಕಿದರೆ ಮಾತ್ರ ಚುರ್ ಅನ್ನುತ್ತೆ, ಅದಕ್ಕೇ ಬಿರುಕು ಮಾಗಿದ ಮೇಲೆ ಹಚ್ಚಬೇಕು. ಸಕ್ಕರೆ ಕಾಯಿಲೆ ಇರುವವರ ಹಿಮ್ಮಡಿ ಒಡೆದರೆ ಮನೆಯಲ್ಲಿ ಪ್ರಯೋಗ ಬೇಡ, ಡಾಕ್ಟರಿಗೆ ತೋರಿಸಿ. ಅವರ ಕಾಲ್ಬೆರಳ ಸಂದಿಗೆ ಯಾವ ಕ್ರೀಮನ್ನೂ ಹಚ್ಚಬಾರದು.

ನಮ್ಮ ಜಿಲ್ಲೆಯವರಿಗೆ ಹತ್ತಿರದ ಇನ್ನೊಂದು ಹೆಸರೂ ಒಂದು ಸೀಸೆಯ ಮೇಲಿತ್ತು: ಸೆರಿಸಿನ್. ವಿಜಯಪುರದ ಕಡೆ ಗೂಡು ಬಿಚ್ಚಾಣಿಕೆ ನೋಡಿದವರಿಗೆ ಗೊತ್ತು, ಬಿಸಿನೀರಲ್ಲಿ ಗೂಡು ನೆನೆದಾಗ ಒಂದು ಅಂಟು ಬಿಡುತ್ತದೆ. ರೇಷ್ಮೆ ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಈ ಅಂಟೇ. ಬಟ್ಟೆಗೆ ಹೊಳಪು ಬರಲಿ ಅಂತ ಸೋಪು ಸೋಡಾ ನೀರಲ್ಲಿ ಕುದಿಸಿ ಅದನ್ನು ತೆಗೆಯುತ್ತಾರೆ. ಅದೇ ಅಂಟಿಗೆ ನೀರು ಹಿಡಿಯುವ ಗುಣವಿರುವುದರಿಂದ ಶುದ್ಧ ಮಾಡಿ ಕ್ರೀಮಿಗೆ ಸೇರಿಸುತ್ತಾರೆ. ನಮ್ಮ ಕಡೆ ಚರಂಡಿಗೆ ಹೋಗುವುದು ಅಂಗಡಿಯ ಗಾಜಿನ ಬೀರುವಿನಲ್ಲಿ ಕೂತಿದೆ! ಆದರೆ ಇಡೀ ದಿನ ಅದೇ ಬಿಸಿನೀರಲ್ಲಿ ಕೈಯಿಟ್ಟು ದುಡಿಯುವ ಹೆಣ್ಣುಮಕ್ಕಳ ಬೆರಳು ಬೆಳ್ಳಗೆ ನೆನೆದು ಸುಲಿಯುವುದನ್ನೂ ನಾನು ಕಂಡಿದ್ದೇನೆ. ನೀರಲ್ಲೇ ಇದ್ದರೂ ಒಣಗುವ ಚರ್ಮ ಅದು, ಏಕೆಂದರೆ ಗಾರೆಯೆಲ್ಲ ತೊಳೆದುಹೋಗಿರುತ್ತೆ.

ಇನ್ನು ಗಾರೆ ತುಂಬುವವು. ಕೊಬ್ಬರಿ ಎಣ್ಣೆ ನಮ್ಮ ಮನೆಮನೆಯದು. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿಯಾಗುವುದರಿಂದ ದೊಡ್ಡಬಳ್ಳಾಪುರದ ಚಳಿಗೆ ಬೆಳಿಗ್ಗೆ ಸೀಸೆಯನ್ನು ಒಲೆ ಪಕ್ಕ ಇಡಬೇಕು. ಉತ್ತರ ಕನ್ನಡದವರು ಮುರುಗಲು ಬೀಜದಿಂದ ತೆಗೆದ ಗಟ್ಟಿ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ, ಅದೇ ಈಗ ಪಟ್ಟಿಗಳಲ್ಲಿ ಕೋಕಮ್ ಬಟರ್. ಶಿಯಾ ಬಟರ್, ಕೋಕೊ ಬಟರ್ ಕೂಡ ಇದೇ ಸಾಲಿನವು. ಸೆರಮೈಡ್ ಅಂತ ಕಂಡರೆ ಅದು ನಮ್ಮ ಚರ್ಮದ ಗಾರೆಯಲ್ಲೇ ಇರುವ ಜಿಡ್ಡಿನ ಜಾತಿ. ನಯಾಸಿನಮೈಡ್ ಅಂದರೆ ಬಿ3 ಜೀವಸತ್ವ, ಚರ್ಮ ತಾನೇ ಆ ಗಾರೆ ತಯಾರಿಸಲು ನೆರವಾಗುತ್ತೆ. ಪಟ್ಟಿಯಲ್ಲಿ ಸೀಟೊಸ್ಟಿಯರಿಲ್ ಆಲ್ಕೊಹಾಲ್ ಕಂಡು ನಾನು ಡಬ್ಬಿ ಪಕ್ಕಕ್ಕಿಟ್ಟಿದ್ದೆ. "ಅಮ್ಮಾ, ಅದು ಮೇಣದಂಥದ್ದು, ಎಣ್ಣೆ ನೀರು ಬೇರೆಯಾಗದ ಹಾಗೆ ಹಿಡಿಯೋದಕ್ಕೆ ಹಾಕ್ತಾರೆ, ಕುಡಿಯೋ ಆಲ್ಕೊಹಾಲಲ್ಲ" ಎಂದು ಮಗಳು ನಕ್ಕಳು. ಒಣಗಿಸುವುದು ಬರೀ ಆಲ್ಕೊಹಾಲ್ ಅಥವಾ ಆಲ್ಕೊಹಾಲ್ ಡಿನ್ಯಾಟ್ ಎಂದು ಬರೆದದ್ದು.

ಮುಚ್ಚಳದ ಜಾತಿಗೆ ರಾಜ ಪೆಟ್ರೋಲಿಯಂ ಜೆಲ್ಲಿ. ಅಮೆರಿಕದ ರಾಬರ್ಟ್ ಚೀಸ್‌ಬ್ರೊ ಎಂಬಾತ ಎಣ್ಣೆಬಾವಿಯ ಕೂಲಿಗಳು ಕಂಬಿಗೆ ಮೆತ್ತಿದ ಮೇಣವನ್ನು ಗಾಯಕ್ಕೆ ಬಳಿದುಕೊಳ್ಳುವುದನ್ನು ನೋಡಿ, ಶುದ್ಧ ಮಾಡಿ, 1872ರಲ್ಲಿ ವ್ಯಾಸಲೀನ್ ಹೆಸರಲ್ಲಿ ಪೇಟೆಂಟ್ ಪಡೆದ. ಇಷ್ಟು ಅಗ್ಗದಲ್ಲಿ ನೀರನ್ನು ಇಷ್ಟು ಚೆನ್ನಾಗಿ ತಡೆಯುವುದು ಇನ್ನೊಂದಿಲ್ಲ. ಆದರೆ ಅದು ತಾನಾಗಿ ನೀರು ಕೊಡುವುದಿಲ್ಲ, ಖಾಲಿ ಪಾತ್ರೆಗೆ ಮುಚ್ಚಳ ಹಾಕಿ ಏನು ಬಂತು? ಒದ್ದೆ ಚರ್ಮದ ಮೇಲೆ ಹಚ್ಚಬೇಕು. ಲ್ಯಾನೊಲಿನ್ ಇದೇ ಕೆಲಸದ್ದು, ಕುರಿಯ ತುಪ್ಪಟದಿಂದ ತೆಗೆದ ಜಿಡ್ಡು. 1929ರಿಂದ ಬರುತ್ತಿರುವ ಬೊರೊಲಿನ್‌ನಲ್ಲೂ, 1911ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ನಿವಿಯಾದಲ್ಲೂ ಈ ಕುರಿಜಿಡ್ಡಿನ ಪಾಲಿದೆ. ಕೆಲವರಿಗೆ ಮಾತ್ರ ಲ್ಯಾನೊಲಿನ್ ಒಗ್ಗುವುದಿಲ್ಲ, ಕೆರೆತ ಬರುತ್ತೆ. ಮೊಣಕೈ ಒಳಬದಿಗೆ ಎರಡು ದಿನ ಹಚ್ಚಿ ನೋಡಿ.

ಇಲ್ಲಿ ನನ್ನ ವಾರಗಿತ್ತಿಯ ವಿಷಯ ಹೇಳಲೇಬೇಕು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಗಳಿಗೆ ಹೋಗಿ ಅಚ್ಚು ಕೆಚ್ಚುವ ಕೆಲಸ ಅವರದು. ಅಂದರೆ ಮುಗಿದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೂದಿ ಮುಟ್ಟಿಕೊಂಡು ಬೆರಳಲ್ಲಿ ಹೊಸೆಯುವುದು. ಒಂದು ಸೀರೆಯ ಹಾಸಿಗೆ ಸಾವಿರಾರು ಎಳೆ. ಹೋದ ವರ್ಷ ಚಳಿಗೆ ಅವರ ಹೆಬ್ಬೆರಳು ತೋರುಬೆರಳು ಉಪ್ಪುಕಾಗದದ ಹಾಗೆ ಒರಟಾಗಿ, ಬಿರುಕಿಗೆ ರೇಷ್ಮೆ ಎಳೆ ಸಿಕ್ಕಿ ಸಿಕ್ಕಿ ತುಂಡಾಗುತ್ತಿತ್ತು. ಕೂಲಿ ಕೆಲಸದ ಲೆಕ್ಕ. ಒಂದು ದಿನದ್ದು ಎರಡು ದಿನಕ್ಕೆ ಹೋದರೆ ಕೂಲಿ ಅರ್ಧವಾದಂತೆ. ನಾನು ಬುದ್ಧಿವಂತೆಯ ಹಾಗೆ ವ್ಯಾಸಲೀನ್ ಹಚ್ಚಿಕೊಂಡು ಹೋಗಿ ಅಂದೆ. "ಏನ್ ಹೇಳ್ತೀಯೆ ನೀನು, ಜಿಡ್ಡು ಕೈಯಲ್ಲಿ ರೇಷ್ಮೆ ಮುಟ್ಟಿದ್ರೆ ಕಲೆ ಬೀಳ್ತದೆ, ಮಗ್ಗದೋರು ಒಳಗೇ ಬಿಟ್ಕೊಳಲ್ಲ" ಎಂದರು. ಆಗ ನನಗೆ ಮಾತೇ ಹೊರಡಲಿಲ್ಲ.

ಅವರು ಒಂದು ಔಷಧಿ ಅಂಗಡಿಯಲ್ಲಿ ಕೈ ತೋರಿಸಿದ್ದಾರೆ. ಅಂಗಡಿಯವನು ಚೀಟಿ ಗೀಟಿ ಕೇಳದೆ ಒಂದು ಟ್ಯೂಬು ಕೊಟ್ಟ. ನಾಲ್ಕೇ ದಿನಕ್ಕೆ ಉರಿ ಕೆರೆತ ಮಾಯ. ಸಂತೋಷವಾಗಿ ಅದನ್ನೇ ಮೂರು ತಿಂಗಳು ಹಚ್ಚಿದರು, ಕೆನ್ನೆಗೂ ಸವರಿದರು. ಆಮೇಲೆ ಬೆರಳ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಯಿತು, ಕೆನ್ನೆಯಲ್ಲಿ ಕೆಂಪು ನರ ಕಾಣಿಸಿಕೊಂಡವು, ಹಚ್ಚುವುದು ಬಿಟ್ಟರೆ ಮೊದಲಿಗಿಂತ ಹೆಚ್ಚು ಉರಿ. ಟ್ಯೂಬು ನನ್ನ ಮಗಳ ಕೈಗೆ ಬಂದದ್ದು ಆಗ. ಓದಿದವಳೇ, "ದೊಡ್ಡಮ್ಮಾ, ಇದು ಕ್ರೀಮಲ್ಲ, ಸ್ಟೀರಾಯ್ಡ್" ಅಂದಳು. ಕ್ಲೊಬೆಟಸಾಲ್ ಎಂದು ಸಣ್ಣಗೆ ಬರೆದಿತ್ತು. ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರುಗಳೂ ಅದೇ ಬಳಗ. ಡಾಕ್ಟರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಅದು ಒಳ್ಳೆಯ ಔಷಧಿಯೇ. ಚೀಟಿ ಇಲ್ಲದೆ ಮಾರಬಾರದು ಎಂಬ ನಿಯಮವೂ ಇದೆ. ದಿನಾ ಬಳಸುವ ತೇವದ ಕ್ರೀಮು ಅದಲ್ಲ. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಟ್ಯೂಬನ್ನು ಹೇಗೆ ಬಿಡಬೇಕು ಎಂದು ಹೇಳಿ, ಬಾಕಿಯದಕ್ಕೆ ಸುಗಂಧವಿಲ್ಲದ ಗ್ಲಿಸರಿನ್ ಕ್ರೀಮು, ರಾತ್ರಿಗೆ ಪೆಟ್ರೋಲಿಯಂ ಜೆಲ್ಲಿ ಬರೆದುಕೊಟ್ಟರು. ಎರಡೂ ಸೇರಿ ಆ ಟ್ಯೂಬಿಗಿಂತ ಬಹಳ ಹೆಚ್ಚೇನೂ ಆಗಲಿಲ್ಲ.

ಅವರು ಈಗ ಮಾಡುವುದು ಹೀಗೆ: ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಕೈಯಿಟ್ಟು, ಪೂರ್ತಿ ಒರೆಸದೆ, ಒದ್ದೆ ಇರುವಾಗಲೇ ಕ್ರೀಮು, ಅದರ ಮೇಲೆ ಜೆಲ್ಲಿ, ಆಮೇಲೆ ಹಳೆಯ ಹತ್ತಿ ಕಾಲುಚೀಲವನ್ನೇ ಕೈಗೆ ಹಾಕಿಕೊಂಡು ಮಲಗುವುದು. ಬೆಳಿಗ್ಗೆ ತೊಳೆದು, ಗ್ಲಿಸರಿನ್ ಕ್ರೀಮು ತೆಳುವಾಗಿ ಹಚ್ಚಿ, ಅದು ಪೂರ್ತಿ ಆರಿದ ಮೇಲೆ ಒಣಬಟ್ಟೆಯಲ್ಲಿ ಬೆರಳ ತುದಿ ಒರೆಸಿಕೊಂಡು ಮಗ್ಗದ ಮನೆಗೆ. ಎಳೆ ಸಿಕ್ಕುವುದು ನಿಲ್ಲಲು ತಿಂಗಳ ಮೇಲೆ ಹಿಡಿಯಿತು. ಕೆನ್ನೆಯ ನರ ಇನ್ನೂ ಪೂರ್ತಿ ಹೋಗಿಲ್ಲ.

ಅಂದಿನಿಂದ ನಾನು ಕ್ರೀಮು ಕೊಳ್ಳುವವರನ್ನು ಮೊದಲು ಕೇಳುವುದು, ಹಚ್ಚಿದ ಮೇಲೆ ಈ ಕೈ ಏನನ್ನು ಮುಟ್ಟಬೇಕು ಎಂದು. ರೇಷ್ಮೆ ಮುಟ್ಟುವವರಿಗೆ ಒಂದು, ಹಿಟ್ಟು ಕಲೆಸುವವರಿಗೆ ವಾಸನೆಯಿಲ್ಲದ್ದು, ದ್ರಾಕ್ಷಿ ತೋಟದ ಮಣ್ಣಿನಲ್ಲಿ ಕೆಲಸವಿದ್ದವರಿಗೆ ಹಗಲು ಜಿಡ್ಡು ಬೇಡ, ಧೂಳು ಮೆತ್ತುತ್ತೆ.

ಅಂಗಡಿಯಲ್ಲಿ ಡಬ್ಬಿಯ ಮುಂಬದಿ ನೋಡಬೇಡಿ, ತಿರುಗಿಸಿ. 2020ರ ಸೌಂದರ್ಯವರ್ಧಕಗಳ ನಿಯಮದ ಪ್ರಕಾರ ಒಂದು ಪರ್ಸೆಂಟಿಗಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ವರಸೆಯಾಗಿ ಬರೆಯಬೇಕು. ಒಂದು ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಮಗಳು ಹೇಳಿಕೊಟ್ಟ ಒಂದು ಉಪಾಯವಿದೆ: ಫಿನಾಕ್ಸಿಎಥನಾಲ್ ಎಂಬ ಹೆಸರು ಹುಡುಕಿ. ಕೆಡದಂತೆ ಹಾಕುವ ವಸ್ತು ಅದು, ಒಂದು ಪರ್ಸೆಂಟಿಗಿಂತ ಹೆಚ್ಚು ಹಾಕುವಂತಿಲ್ಲ. ಅದರ ನಂತರ ಬರೆದದ್ದೆಲ್ಲ ಒಂದು ಪರ್ಸೆಂಟಿನ ಒಳಗಿನ ಚಿಟಿಕೆ ಲೆಕ್ಕ. ನಮ್ಮ ಚಾಪೆಯ ಮೇಲಿದ್ದ ಒಂದು ಡಬ್ಬಿಯ ಮುಂದೆ ಬಾದಾಮಿಯ ದೊಡ್ಡ ಚಿತ್ರ. ಹಿಂದೆ ನೋಡಿದರೆ ಬಾದಾಮಿ ಎಣ್ಣೆ ಆ ಗೆರೆಯಿಂದ ಎಷ್ಟೋ ಕೆಳಗೆ, ಸುಗಂಧಕ್ಕಿಂತಲೂ ಆಮೇಲೆ. ಪಕ್ಕದ ಮನೆಯವರ ಮುಖ ನೋಡುವಂತಿತ್ತು, ಅದಕ್ಕೆ ಅವರು ಮುನ್ನೂರರ ಮೇಲೆ ಕೊಟ್ಟಿದ್ದರು.

ಸೋಪಿನ ಮಾತೂ ಒಂದಿಷ್ಟು. ಸೋಪಿನ ಕಾಗದದ ಮೇಲೆ ಟಿ.ಎಫ್.ಎಂ. ಎಂದಿರುತ್ತೆ, ಜಿಡ್ಡಿನ ಅಂಶದ ಲೆಕ್ಕ. 76 ಅಥವಾ ಮೇಲಿದ್ದರೆ ಮೊದಲ ದರ್ಜೆ. ಗಡಸು ನೀರಲ್ಲಿ ಸೋಪು ಬಿಳಿ ಪೊರೆಯಾಗಿ ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಚೆನ್ನಾಗಿ ತೊಳೆದುಕೊಳ್ಳಿ, ಬಿಸಿನೀರು ಮಾತ್ರ ಸುಡುವಷ್ಟು ಬೇಡ.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ನನ್ನ ಅಳತೆ: ಔಷಧಿ ಅಂಗಡಿಯ ಸೀಲಿರುವ ಐ.ಪಿ. ಗ್ಲಿಸರಿನ್ ಒಂದು ಚಮಚ, ಪನ್ನೀರು ಅಥವಾ ಕುದಿಸಿ ಆರಿಸಿದ ನೀರು ಮೂರು ಚಮಚ. ಶುದ್ಧ ಸೀಸೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಬರೀ ಗ್ಲಿಸರಿನ್ ಒಣಚರ್ಮಕ್ಕೆ ಹಚ್ಚಬೇಡಿ. ಹೊರಗಿನ ಗಾಳಿಯಲ್ಲಿ ತೇವವಿಲ್ಲದಿದ್ದರೆ ಅದು ಒಳಗಿನದನ್ನೇ ಎಳೆಯಬಹುದು. ಹಿಂದೆಲ್ಲ ಪತ್ರಿಕೆಗಳಲ್ಲಿ ಇದಕ್ಕೆ ನಿಂಬೆರಸ ಸೇರಿಸಿ ಎಂದು ಬರೆಯುತ್ತಿದ್ದರು, ನನ್ನ ತಾಯಿಯೂ ಹಾಕುತ್ತಿದ್ದರು. ಅದನ್ನು ಬಿಟ್ಟುಬಿಡಿ. ಬಿರುಕಿಗೆ ಉರಿ, ಮೇಲೆ ಬಿಸಿಲು ಬಿದ್ದರೆ ಸುಟ್ಟಂಥ ಕಲೆ. ಲೋಳೆಸರ ಹಾಕುವವರು ಎಲೆ ಕತ್ತರಿಸಿ, ಸೋರುವ ಹಳದಿ ರಸ ಪೂರ್ತಿ ಬಸಿದು ತೊಳೆದು ಒಳಗಿನ ತಿರುಳನ್ನಷ್ಟೇ ಬಳಸಿ. ಅದೂ ಬಹುಪಾಲು ನೀರೇ ಆದ್ದರಿಂದ ಮೇಲೆ ಎಣ್ಣೆಯ ಮುಚ್ಚಳ ಬೇಕು.

ಹೊಸಕೋಟೆಯ ಸೋದರಿಗೆ ಹೇಳುವುದಾದರೆ, ಅವರೆಕಾಳು ಹಿತಕಿ ಎದ್ದ ಕೂಡಲೇ ಕೈ ತೊಳೆದು, ಒದ್ದೆಯಿರುವಾಗಲೇ ಗ್ಲಿಸರಿನ್ ಇರುವ ಸಾದಾ ಕ್ರೀಮು ಹಚ್ಚಿ. ರಾತ್ರಿ ಅದರ ಮೇಲೆ ವ್ಯಾಸಲೀನ್. ಪಾತ್ರೆ ತಿಕ್ಕುವಾಗ ಕೈಗವಸು ಹಾಕಿಕೊಳ್ಳಿ. ಎರಡು ವಾರದಲ್ಲಿ ಬಿರುಕು ಕೂಡದಿದ್ದರೆ, ನೀರು ಒಸರಿದರೆ, ಅಂಗಡಿಯವನಿಗೆ ಕೈ ತೋರಿಸದೆ ಡಾಕ್ಟರಿಗೆ ತೋರಿಸಿ.

ಇನ್ನು ನಮ್ಮ ಮನೆಯ ಮೂರು ಪಕ್ಷಗಳು. ಮೊನ್ನೆ ರಾತ್ರಿ ಮಗಳು ಒದ್ದೆ ಕೈಗೆ ತನ್ನ ಸೀರಮ್ ನಾಲ್ಕು ಹನಿ ಬಿಟ್ಟುಕೊಂಡು, ಸದ್ದಿಲ್ಲದೆ ಅಜ್ಜಿಯ ಹರಳೆಣ್ಣೆ ಬಟ್ಟಲಿಗೆ ಬೆರಳದ್ದಿ ಮೇಲೆ ಸವರಿಕೊಳ್ಳುತ್ತಿದ್ದಳು. ಅತ್ತೆಯವರು ಮಗ್ಗುಲಾಗಿ ಮಲಗಿದ್ದವರು ಕಣ್ಣು ಬಿಡದೆಯೇ, "ಕೊನೆಗೂ ಎಣ್ಣೆಗೇ ಬಂದ್ಯಲ್ಲೇ" ಅಂದರು.